ಸತ್ಯವೇದದಲ್ಲಿ ತರುಣರ ಸ್ಥಾನ ಮತ್ತು ಅವರಿಗೆ ಹೇಳಿದ ನೀತಿ

ಕನ್ನಡದಲ್ಲಿ ‘ಸತ್ಯವೇದ’ವೆಂದು ಪ್ರಸಿದ್ಧವಾದ ಕ್ರೈಸ್ತ ಧರ್ಮಗ್ರಂಥವು ನಮ್ಮ ಭಾಷೆಗೆ ಬಂದು ಎರಡು ಶತಮಾನಗಳಾಗುತ್ತ ಬಂದವು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಸಂಗಡಿಗರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೈಕೊಂಡ ಅನುವಾದಕಾರ್ಯವನ್ನೂ, ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಕನ್ನಡ ಮುದ್ರಣಕ್ಕೂ ನಿಘಂಟಿನ ರಚನೆಗೂ ಸಲ್ಲಿಸಿದ ಸೇವೆಯನ್ನೂ ನಮ್ಮ ವಿದ್ವಾಂಸರು ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಅನುವಾದಗೊಂಡ ಆ ಗ್ರಂಥವನ್ನೇ ಸಾಹಿತ್ಯವೆಂದು ಕೈಗೆತ್ತಿಕೊಂಡು, ಅದರೊಳಗಿನ ಒಂದೊಂದು ವಿಷಯವನ್ನು ವಿಮರ್ಶೆಯ ಒರೆಗೆ ಹಚ್ಚಿ ನೋಡುವ ಕೆಲಸ ನಮ್ಮಲ್ಲಿ ನಡೆದಿರುವುದು ಕಡಮೆ. ಅಂಥ ಒಂದು ವಿಷಯವನ್ನು, ಎಂದರೆ ತರುಣರಿಗೆ ಆ ಗ್ರಂಥವು ಹೇಳುವ ನೀತಿಯನ್ನು, ಇಲ್ಲಿ ಪರಿಶೀಲಿಸಲು ಉದ್ದೇಶಿಸಿದೆ.

ಈ ವಿಷಯದಲ್ಲಿ ರೂಢಿಯಾಗಿ ಬಂದಿರುವ ಕ್ರಮವೊಂದುಂಟು. ‘ಜ್ಞಾನೋಕ್ತಿಗಳು’ ಎಂಬ ಪುಸ್ತಕದಿಂದ ನಾಲ್ಕು ವಾಕ್ಯ, ‘ಪ್ರಸಂಗಿ’ಯಿಂದ ಒಂದು, ಪೇತ್ರನ ಪತ್ರಿಕೆಯಿಂದ ಒಂದು, ಹೀಗೆ ಆಯ್ದು ತಂದು, ತಂದೆಯ ಮಾತನ್ನು ಮೀರಬೇಡ, ದುರ್ಜನರ ಸಂಗ ಮಾಡಬೇಡ, ಪರಸ್ತ್ರೀಯ ಬಾಗಿಲಿಗೆ ಹೋಗಬೇಡ, ಹಿರಿಯರಿಗೆ ತಗ್ಗಿ ನಡೆ ಎಂದು ತರುಣನಿಗೆ ಬೋಧಿಸುವುದೇ ಆ ಕ್ರಮ. ಈ ಬೋಧನೆ ಸುಳ್ಳಲ್ಲ, ಗ್ರಂಥದಲ್ಲಿ ಇರುವುದೇ. ಆದರೆ ಅದು ಗ್ರಂಥದ ಅರ್ಧ ಮಾತು. ಸತ್ಯವೇದದ ಬಹುಭಾಗ ಉಪದೇಶವಲ್ಲ, ಕಥೆ. ಆ ಕಥೆಗಳಲ್ಲಿ ತರುಣರು ಹೆಜ್ಜೆಹೆಜ್ಜೆಗೆ ಬರುತ್ತಾರೆ. ಉಪದೇಶವನ್ನೂ ಕಥೆಯನ್ನೂ ಜೊತೆಯಿಟ್ಟು ಓದಿದವನಿಗೆ ಬೇರೊಂದು ಅರ್ಥ ಹೊಳೆಯುತ್ತದೆ: ‘ಕೇಳು’ ಎಂಬ ವಿಧಿ ತರುಣನಿಗೆ ಎಷ್ಟು ಸಲ್ಲುವುದೋ ಅವನಿಗೆ ಬುದ್ಧಿ ಹೇಳುವ ಹಿರಿಯನಿಗೂ ಅಷ್ಟೇ ಸಲ್ಲುತ್ತದೆ, ‘ಮಗನೇ’ ಎಂಬ ಸಂಬೋಧನೆಯಿಂದ ಆರಂಭವಾದ ಈ ನೀತಿಬೋಧೆ ಕಡೆಗೆ ‘ಸಹೋದರ’ ಎಂಬ ಸಂಬಂಧಕ್ಕೆ ಮುಟ್ಟುತ್ತದೆ. ಈ ಅಭಿಪ್ರಾಯಕ್ಕೆ ಆಧಾರಗಳನ್ನು ಮುಂದೆ ಕ್ರಮವಾಗಿ ಕೊಟ್ಟಿದೆ.

ಮೊದಲು ಶಬ್ದದ ಮಾತು. ಹೀಬ್ರೂ ಭಾಷೆಯಲ್ಲಿ ತರುಣನಿಗೆ ಹೆಚ್ಚಾಗಿ ಬಳಕೆಯಾಗುವ ಪದ ‘ನಅರ್’. ಜಂಬಿನ ಪೆಟ್ಟಿಗೆಯಲ್ಲಿ ಅಳುತ್ತಿದ್ದ ಮೂರು ತಿಂಗಳ ಕೂಸು ಮೋಶೆಯೂ ನಅರ್; ಹದಿನೇಳು ವರ್ಷದ ಯೋಸೇಫನೂ ನಅರ್; ಪ್ರವಾದಿ ಎಲೀಷನ ಕೈಯಾಳು ಗೇಹಜಿಯೂ ನಅರ್; ತಂದೆಯ ಮೇಲೆ ದಂಡೆತ್ತಿ ಬಂದ ಅಬ್ಷಾಲೋಮನೂ ನಅರ್. ಹುಡುಗ, ತರುಣ, ಆಳು ಎಂಬ ಮೂರು ಅರ್ಥಗಳೂ ಅದರಲ್ಲಿ ಬೆರೆತಿವೆ. ವಯಸ್ಸಿಗಿಂತ ಹೆಚ್ಚಾಗಿ ಸ್ಥಾನವನ್ನು ಸೂಚಿಸುವ ಪದವದು: ಯಾರು ಇನ್ನೊಬ್ಬರ ಅಧೀನದಲ್ಲಿ ಇದ್ದಾನೆಯೋ, ಯಾರ ಮಾತಿಗೆ ಇನ್ನೂ ತೂಕ ಬಂದಿಲ್ಲವೋ ಅವನು ನಅರ್. ಕನ್ನಡ ಕ್ರೈಸ್ತರ ಬಳಕೆಯಲ್ಲಿ ನೆಲೆಗೊಂಡಿರುವ ‘ಯೌವನಸ್ಥ’ ಎಂಬ ಸಂಸ್ಕೃತಪದ ವಯಸ್ಸನ್ನು ಹೇಳುತ್ತದೆ, ಈ ಅಧೀನತೆಯನ್ನು ಹೇಳುವುದಿಲ್ಲ. ಇದು ಅನುವಾದಕರ ದೋಷವಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಒಂದು ಪದ ನಮ್ಮಲ್ಲಿ ದೊರೆಯುವುದು ಕಷ್ಟ. ಆದರೆ ಮುಂದಿನ ವಿವೇಚನೆಗೆ ಈ ಭೇದವನ್ನು ನೆನಪಿನಲ್ಲಿಡುವುದು ಅಗತ್ಯ.

‘ಜ್ಞಾನೋಕ್ತಿಗಳು’ ಮೂವತ್ತೊಂದು ಅಧ್ಯಾಯಗಳ ಸಂಕಲನ. ಅದರ ಮೊದಲ ಒಂಬತ್ತು ಅಧ್ಯಾಯಗಳು ತಂದೆ ಮಗನಿಗೆ ಹೇಳುವ ಬುದ್ಧಿವಾದದ ರೂಪದಲ್ಲಿವೆ. ಈ ಭಾಗವೊಂದರಲ್ಲಿಯೇ ‘ನನ್ನ ಮಗನೇ’ ಎಂಬ ಸಂಬೋಧನೆ ೧೫ ಸಲ ಬರುತ್ತದೆ. ನಮ್ಮ ನೀತಿಶತಕಗಳ ಪದ್ಧತಿಯೊಡನೆ ಹೋಲಿಸಿದರೆ ಇದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಸೋಮೇಶ್ವರ ಶತಕದ ಪದ್ಯಗಳು ದೇವರ ಅಂಕಿತದಲ್ಲಿ ಮುಗಿಯುತ್ತವೆ. ಸರ್ವಜ್ಞನ ವಚನಗಳು ಅವನ ಹೆಸರಿನಲ್ಲಿಯೇ ಮುಗಿಯುತ್ತವೆ. ಅಲ್ಲಿ ನೀತಿ ಲೋಕಕ್ಕೆಲ್ಲ ಸಲ್ಲುವ ಮಾತು. ಇಲ್ಲಿ ಅದು ಒಬ್ಬ ತಂದೆ ಒಬ್ಬ ಮಗನಿಗೆ, ಮನೆಯೊಳಗೆ, ಹೇಳುವ ಮಾತು. ತಾಯಿಯ ಉಪದೇಶವನ್ನೂ ತಂದೆಯ ಶಿಕ್ಷಣದ ಮಗ್ಗುಲಲ್ಲಿಯೇ ಇರಿಸಿದೆ. ಕಡೆಯ ಅಧ್ಯಾಯವಂತೂ ಲೆಮೂವೇಲನೆಂಬ ರಾಜನಿಗೆ ಅವನ ತಾಯಿ ಕಲಿಸಿದ ಪಾಠವೆಂದೇ ಆರಂಭವಾಗುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಬುದ್ಧಿ ಹೇಳುವ ತಂದೆ, ತಾನೂ ಒಮ್ಮೆ ತನ್ನ ತಂದೆಯ ಮುಂದೆ ಕುಳಿತ ಮಗನಾಗಿದ್ದೆನೆಂದು ನೆನೆಯುತ್ತಾನೆ. ಇಡೀ ಪುಸ್ತಕದ ಅತ್ಯಂತ ಹೃದ್ಯವಾದ ಸ್ಥಳಗಳಲ್ಲಿ ಇದೊಂದು.

ಆದರೆ ಈ ಒಂಬತ್ತು ಅಧ್ಯಾಯಗಳಲ್ಲಿ ಮಗ ಒಂದು ಮಾತನ್ನೂ ಆಡುವುದಿಲ್ಲ. ದುಷ್ಟರ ಗುಂಪು ಅವನನ್ನು ಕರೆಯುವ ಮಾತನ್ನು ತಂದೆಯೇ ಅನುಕರಿಸಿ ಹೇಳುತ್ತಾನೆ. ಕೆಟ್ಟುಹೋದ ಮೇಲೆ ಮಗ ಪಡಬಹುದಾದ ಪಶ್ಚಾತ್ತಾಪದ ಮಾತನ್ನೂ ತಂದೆಯೇ ಮುಂಗಡವಾಗಿ ರಚಿಸಿ ಅವನ ಬಾಯಿಗೆ ಹಾಕುತ್ತಾನೆ. ಏಳನೆಯ ಅಧ್ಯಾಯದಲ್ಲಿ, ಕಿಟಕಿಯಿಂದ ಕಂಡ ಒಬ್ಬ ತಿಳಿಗೇಡಿ ತರುಣನ ಚಿತ್ರವಿದೆ. ಮುಸ್ಸಂಜೆಯಲ್ಲಿ ಬೀದಿಯ ಮೂಲೆಯಲ್ಲಿ ಅವನು ಸುಳಿದಾಡುತ್ತಾನೆ, ಒಬ್ಬ ಪರಸ್ತ್ರೀ ಅವನನ್ನು ಎದುರುಗೊಂಡು ಉದ್ದವಾಗಿ ಮಾತನಾಡುತ್ತಾಳೆ, ಅವನು ಕಟುಕನ ಕೈಗೆ ಸಿಕ್ಕಿದ ಎತ್ತಿನಂತೆ ಹಿಂದೆ ಹೋಗುತ್ತಾನೆ. ಅಲ್ಲಿಯೂ ಮಾತೆಲ್ಲ ಅವಳದು, ತರುಣ ಮೂಕ. ಮಾತಿಲ್ಲದ ಮಗ ಒಪ್ಪಿದನೋ ಒಪ್ಪಲಿಲ್ಲವೋ ತಿಳಿಯುವ ಬಗೆ ಪುಸ್ತಕದಲ್ಲಿ ಇಲ್ಲ. ತರುಣನ ಅಪಾಯವೆಲ್ಲ ಹೊರಗಿನ ಹೆಣ್ಣಿನಲ್ಲಿದೆ ಎಂಬ ಭಾವನೆಗೆ ಈ ಚಿತ್ರ ಎಡೆಗೊಟ್ಟದ್ದೂ ಒಂದು ಕೊರತೆಯೇ. ಜ್ಞಾನವನ್ನು ಸಹ ಬೀದಿಯಲ್ಲಿ ನಿಂತು ಕೂಗಿ ಕರೆಯುವ ಸ್ತ್ರೀಯಾಗಿ ಅದೇ ಪುಸ್ತಕ ಚಿತ್ರಿಸಿರುವುದರಿಂದ ಈ ಕೊರತೆ ಸ್ವಲ್ಪ ಮಟ್ಟಿಗೆ ತುಂಬುತ್ತದೆ, ಪೂರ್ತಿ ತುಂಬುವುದಿಲ್ಲ.

ಅದನ್ನು ತುಂಬುವುದು ಕಥಾಭಾಗ. ಸಮುವೇಲನ ಎರಡನೆಯ ಪುಸ್ತಕದ ಹದಿಮೂರನೆಯ ಅಧ್ಯಾಯದಲ್ಲಿ ದಾವೀದರಾಜನ ಹಿರಿಯ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳ ಮೇಲೆ ಕಣ್ಣಿಡುತ್ತಾನೆ. ಉಪಾಯ ಹೇಳಿಕೊಡುವವನು ಅವನ ಗೆಳೆಯ ಯೋನಾದಾಬ. ಈ ಗೆಳೆಯನನ್ನು ಬಣ್ಣಿಸಲು ಕಥೆಗಾರ ಬಳಸುವ ಹೀಬ್ರೂ ಶಬ್ದ ‘ಹಾಖಾಮ್’. ಜ್ಞಾನೋಕ್ತಿಗಳಲ್ಲಿ ಜ್ಞಾನಿಗೆ ಸಲ್ಲುವ ಶಬ್ದವೇ ಅದು. ಅನುವಾದದಲ್ಲಿ ಅದು ಕುಯುಕ್ತಿಯೆಂಬ ಅರ್ಥವನ್ನು ತಾಳುವುದು ಸಹಜವೇ ಆದರೂ ಮೂಲದ ವ್ಯಂಗ್ಯ ಅದರಿಂದ ಮರೆಯಾಗುತ್ತದೆ. ಇಲ್ಲಿ ಜ್ಞಾನೋಕ್ತಿಗಳ ಚಿತ್ರ ತಲೆಕೆಳಗಾಗಿದೆ. ಬಲೆ ಬೀಸುವವನು ತರುಣ, ಅದೂ ಅರಮನೆಯ ಒಳಗೆ. ವಿವೇಕದ ಮಾತನ್ನು ಆಡುವವಳು ತಾಮಾರ. ಇಂಥ ಹೊಲಸು ಕೆಲಸ ಇಸ್ರಾಯೇಲಿನಲ್ಲಿ ನಡೆಯಬಾರದೆಂದೂ, ತನ್ನ ಅವಮಾನ ಎಲ್ಲಿಗೆ ಹೋದೀತೆಂದೂ ಅವಳು ಬೇಡುತ್ತಾಳೆ. ಅಮ್ನೋನ ಅವಳ ಮಾತನ್ನು ಕೇಳಲಿಲ್ಲವೆಂದು ಕಥೆಗಾರ ಎರಡು ಸಲ ಹೇಳುತ್ತಾನೆ. ತಂದೆಯ ಮಾತನ್ನು ಕೇಳದ ದೋಷವಲ್ಲ ಅದು. ಹೆಣ್ಣಿನ ಮಾತನ್ನು ಕೇಳದ ದೋಷ.

ಆಮೇಲೆ ತಂದೆಯ ಸರದಿ. ದಾವೀದನಿಗೆ ಬಹಳ ಕೋಪ ಬಂತು. ಆದರೆ ಅವನು ಏನನ್ನೂ ಮಾಡಲಿಲ್ಲ. ಅಮ್ನೋನ ಚೊಚ್ಚಲ ಮಗನಾದ್ದರಿಂದ ಅವನ ಮನಸ್ಸನ್ನು ನೋಯಿಸಲಿಲ್ಲವೆಂದು ಪ್ರಾಚೀನ ಗ್ರೀಕ್ ಅನುವಾದ ಕಾರಣವನ್ನೂ ಸೇರಿಸುತ್ತದೆ. ತಾಮಾರಳ ಒಡಹುಟ್ಟಿದ ಅಣ್ಣ ಅಬ್ಷಾಲೋಮ ಎರಡು ವರ್ಷ ಕಾದು ಅಮ್ನೋನನನ್ನು ಕೊಲ್ಲಿಸಿದ. ಮೂರು ವರ್ಷ ಗೆಷೂರಿನಲ್ಲಿ ತಲೆಮರೆಸಿಕೊಂಡಿದ್ದ. ಯೆರೂಸಲೇಮಿಗೆ ಹಿಂತಿರುಗಿದ ಮೇಲೂ ಎರಡು ವರ್ಷ ತಂದೆಯ ಮುಖವನ್ನು ಕಾಣಲಿಲ್ಲ. ತನ್ನ ಅಹವಾಲು ತಲುಪಲೆಂದು ಸೇನಾಪತಿ ಯೋವಾಬನ ಜವೆಗೋದಿಯ ಹೊಲಕ್ಕೆ ಅವನು ಬೆಂಕಿ ಹಚ್ಚಿಸಬೇಕಾಯಿತು. ಕಡೆಗೆ ತಂದೆ ಅವನಿಗೆ ಮುದ್ದಿಟ್ಟನೆಂದಿದೆ. ಇಬ್ಬರ ನಡುವೆ ಒಂದು ಮಾತಾದರೂ ನಡೆದುದಾಗಿ ಹೇಳಿಲ್ಲ. ಮುಂದಿನ ಅಧ್ಯಾಯದಲ್ಲಿ ಅಬ್ಷಾಲೋಮ ಪಟ್ಟಣದ ಬಾಗಿಲಲ್ಲಿ ನಿಂತು, ನಿಮ್ಮ ದೂರು ನ್ಯಾಯವಾದದ್ದೇ, ಆದರೆ ಕೇಳುವವರು ರಾಜನ ಕಡೆಯಿಂದ ಯಾರೂ ಇಲ್ಲವೆಂದು ಜನರನ್ನು ಒಲಿಸಿಕೊಳ್ಳುತ್ತಾನೆ. ತನಗೆ ದೊರೆಯದೆ ಹೋದುದನ್ನೇ ಅವನು ದಂಗೆಯ ಆಯುಧವಾಗಿ ಮಾಡಿಕೊಂಡ.

ದಂಗೆ ಅಡಗಿತು, ಅಬ್ಷಾಲೋಮ ಸತ್ತ. ಆ ತರುಣನನ್ನು ಮೃದುವಾಗಿ ನಡೆಸಿಕೊಳ್ಳಿರೆಂದು ಸೇನಾಪತಿಗಳಿಗೆ ಮೊದಲೇ ಅಪ್ಪಣೆ ಮಾಡಿದ್ದ ದಾವೀದ, ಸುದ್ದಿ ತಂದವರನ್ನೆಲ್ಲ ಆ ತರುಣ ಕ್ಷೇಮವೇ ಎಂದು ಕೇಳಿ, ಉತ್ತರ ತಿಳಿದೊಡನೆ ಬಾಗಿಲಿನ ಮೇಲಣ ಕೋಣೆಗೆ ಹತ್ತಿ ಅಳುತ್ತಾನೆ. ಆ ಒಂದು ಗೋಳಿನಲ್ಲಿ ‘ನನ್ನ ಮಗನೇ’ ಎಂಬ ಕೂಗು ಐದು ಸಲ ಬರುತ್ತದೆ. ಜ್ಞಾನೋಕ್ತಿಗಳ ತಂದೆ ಬುದ್ಧಿ ಹೇಳಲು ತೊಡಗುವ ಸಂಬೋಧನೆಯೇ ಇದು. ಅಲ್ಲಿ ಮಗ ಎದುರಿಗಿದ್ದಾನೆ, ಮಾತಾಡನು. ಇಲ್ಲಿ ಮಗನಿಗೆ ಕೇಳುವ ಕಿವಿಯೇ ಉಳಿದಿಲ್ಲ. ಅಬ್ಷಾಲೋಮನ ಕಥೆಯನ್ನು ಪಿತೃದ್ರೋಹದ ದೃಷ್ಟಾಂತವೆಂದು ಮಾತ್ರ ಓದುವವರು ಈ ಕೋಣೆಯ ಮುಂದೆ ನಿಲ್ಲದೆ ಹೋಗುತ್ತಾರೆ. ದಾವೀದನ ಇನ್ನೊಬ್ಬ ಮಗ ಅದೋನೀಯ ರಾಜ್ಯಕ್ಕೆ ಕೈಹಾಕಿದಾಗ ಗ್ರಂಥ ಕೊಡುವ ಟಿಪ್ಪಣಿ ಇದಕ್ಕೆ ಸಾಕ್ಷಿ: ನೀನು ಹೀಗೇಕೆ ಮಾಡಿದೆ ಎಂದು ಅವನ ತಂದೆ ಅವನನ್ನು ಎಂದೂ ಕೇಳಿ ನೋಯಿಸಿರಲಿಲ್ಲ.

ಹಿರಿಯರ ಮಾತನ್ನು ತಿರಸ್ಕರಿಸಿ ಕೆಟ್ಟವನ ಕಥೆಯೆಂದು ಪ್ರಸಿದ್ಧವಾದದ್ದು ರೆಹಬ್ಬಾಮನದು. ಅವನು ಸೊಲೊಮೋನನ ಮಗ. ಜ್ಞಾನೋಕ್ತಿಗಳಿಗೆ ಪರಂಪರೆ ಕರ್ತೃತ್ವ ಕೊಟ್ಟಿರುವ ಆ ಸೊಲೊಮೋನನ ಮಗ. ಪ್ರಜೆಗಳು ಬಂದು ನೊಗವನ್ನು ಹಗುರಮಾಡೆಂದು ಬೇಡಿದರು. ವೃದ್ಧರು ಪ್ರಜೆಗಳಿಗೆ ಸೇವಕನಾಗು ಎಂದರು. ಜೊತೆಯಲ್ಲಿ ಬೆಳೆದ ಹುಡುಗರು ನೊಗವನ್ನು ಇನ್ನೂ ಭಾರಮಾಡು ಎಂದರು. ಹುಡುಗರ ಮಾತು ನಡೆಯಿತು, ಹತ್ತು ಕುಲಗಳು ಕೈಬಿಟ್ಟುಹೋದವು. ಪಾಠ ಸರಳವೆಂದು ತೋರುತ್ತದೆ. ಆದರೆ ಪಟ್ಟವೇರಿದಾಗ ರೆಹಬ್ಬಾಮನಿಗೆ ೪೧ ವರ್ಷವೆಂದು ಅದೇ ಗ್ರಂಥ ಹೇಳುತ್ತದೆ. ಅವನ ಒಡನಾಡಿಗಳಿಗೆ ‘ಹುಡುಗರು’ ಎಂಬ ಶಬ್ದವನ್ನು ಬಳಸಿರುವುದು ಅವರ ವಯಸ್ಸಿಗಲ್ಲ, ಬುದ್ಧಿಗೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಪ್ರಜೆಗಳ ಹೆಗಲ ಮೇಲಿದ್ದ ನೊಗವನ್ನು ಹೂಡಿದವನು ಸೊಲೊಮೋನನೇ. ಈಗ ವಿವೇಕ ಹೇಳುತ್ತಿರುವ ವೃದ್ಧರು ಆ ಸೊಲೊಮೋನನ ಸನ್ನಿಧಿಯಲ್ಲಿ ನಿಂತಿದ್ದವರೇ. ಮಗ ಕೆಟ್ಟದ್ದು ನಿಜ, ಆದರೆ ತಂದೆಯ ಅನ್ಯಾಯವನ್ನು ತಿದ್ದದೆ ಮುಂದುವರಿಸಿ ಕೆಟ್ಟ. ಕಿರಿಯ ಬುದ್ಧಿ, ಹಿರಿಯ ಬುದ್ಧಿ ಎಂಬ ಸುಲಭವಾದ ವಿಭಾಗಕ್ಕೆ ಕಥೆ ಒಗ್ಗುವುದಿಲ್ಲ.

ದುರ್ಗಸಿಂಹನ ಪಂಚತಂತ್ರವನ್ನು ಬಲ್ಲ ಕನ್ನಡ ವಾಚಕರಿಗೆ ರಾಜಕುಮಾರರಿಗೆ ಕಥೆಯ ಮೂಲಕ ನೀತಿ ಕಲಿಸುವ ಕ್ರಮ ಹೊಸದಲ್ಲ. ಆದರೆ ಪಂಚತಂತ್ರದಲ್ಲಿ ಕಥೆ ನೀತಿವಾಕ್ಯದ ಸೇವಕ. ಅದನ್ನು ದೃಢಪಡಿಸಲು ಬರುತ್ತದೆ. ಸತ್ಯವೇದದ ಕಥೆ ಅನೇಕ ವೇಳೆ ನೀತಿವಾಕ್ಯವನ್ನು ಪ್ರಶ್ನಿಸಲು ಬರುತ್ತದೆ. ಕಣ್ಣು ಮಂಜಾದ ಯಾಜಕ ಏಲಿಗೆ ಅವನ ಮನೆತನದ ನಾಶವನ್ನು ತಿಳಿಸುವ ಕಷ್ಟದ ಕೆಲಸ ಬಾಲಕ ಸಮುವೇಲನಿಗೆ ಬರುತ್ತದೆ. ಏನನ್ನೂ ಮುಚ್ಚಬೇಡವೆಂದು ಆ ವೃದ್ಧ ಕೇಳಿಕೊಂಡು, ಕೇಳಿದ್ದನ್ನು ಒಪ್ಪಿಕೊಳ್ಳುತ್ತಾನೆ. ಯೋಬನ ಪುಸ್ತಕದಲ್ಲಿ ಕಿರಿಯನಾದ ಎಲೀಹು, ಹಿರಿಯರೆಲ್ಲ ಮಾತಾಡಿ ಮುಗಿಸುವ ತನಕ ಕಾದು, ವೃದ್ಧಾಪ್ಯವೊಂದರಿಂದಲೇ ವಿವೇಕ ಬರುವುದಿಲ್ಲವೆಂದು ಹೇಳಿ ಮುಂದೆ ಬರುತ್ತಾನೆ. ಅವನ ಮಾತು ಪೂರ್ತಿ ಸರಿಯೆಂದು ಆ ಪುಸ್ತಕ ಎಲ್ಲಿಯೂ ಹೇಳಿಲ್ಲ; ಆದರೆ ಆರು ಅಧ್ಯಾಯಗಳಷ್ಟು ಎಡೆಯನ್ನು ಅವನಿಗೆ ಬಿಟ್ಟುಕೊಟ್ಟಿದೆ.

ಇನ್ನು ಹೊಸ ಒಡಂಬಡಿಕೆಗೆ ಬರೋಣ. ‘ಐಶ್ವರ್ಯವಂತನಾದ ಯುವ ಅಧಿಕಾರಿ’ ಎಂದು ಉಪನ್ಯಾಸಗಳಲ್ಲಿ ಕೇಳಿಬರುವ ವ್ಯಕ್ತಿ ಮೂರು ಸುವಾರ್ತೆಗಳ ಮಿಶ್ರಣ. ಐಶ್ವರ್ಯ ಮೂರರಲ್ಲಿಯೂ ಇದೆ. ಅಧಿಕಾರಿಯೆಂದು ಹೇಳುವವನು ಲೂಕನೊಬ್ಬನೇ. ಯೌವನಸ್ಥನೆಂದು ಹೇಳುವವನು ಮತ್ತಾಯನೊಬ್ಬನೇ. ಯೇಸು ಹೆಸರಿಸಿದ ಆಜ್ಞೆಗಳನ್ನೆಲ್ಲ ತಾನು ಪಾಲಿಸಿದ್ದೇನೆಂದು ಅವನು ಹೇಳುವುದು ಮೂರರಲ್ಲಿಯೂ ಇದೆ. ಆದರೆ ಇನ್ನೂ ತನ್ನಲ್ಲಿ ಯಾವ ಕೊರತೆಯಿದೆ ಎಂದು ಅವನೇ ಕೇಳುವುದು ಮತ್ತಾಯನಲ್ಲಿ ಮಾತ್ರ. ಉಳಿದ ಇಬ್ಬರಲ್ಲಿ ಆ ಕೊರತೆಯನ್ನು ಯೇಸುವೇ ಎತ್ತಿ ಹೇಳುತ್ತಾನೆ. ಪ್ರಶ್ನೆಯೂ ಯೌವನವೂ ಒಂದೇ ಸುವಾರ್ತೆಯಲ್ಲಿ ಕೂಡಿ ಬಂದಿರುವುದು ಗಮನಾರ್ಹ. ತಂದೆತಾಯಿಗಳನ್ನು ಸನ್ಮಾನಿಸುವುದೂ ಸೇರಿದಂತೆ ಎಲ್ಲ ವಿಧಿಗಳನ್ನೂ ನೆರವೇರಿಸಿದ ಆದರ್ಶ ತರುಣನಿಗೆ ಅಷ್ಟು ಸಾಲದೆನ್ನಿಸಿದೆ. ಜ್ಞಾನೋಕ್ತಿಗಳ ಮಗ ಕಡೆಗೂ ಬಾಯಿ ತೆರೆದು ಕೇಳಬಹುದಾಗಿದ್ದ ಪ್ರಶ್ನೆ ಇದೇ ಎನ್ನಬಹುದು. ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸೆಂಬ ಉತ್ತರ ಕೇಳಿ ಅವನು ವ್ಯಸನದಿಂದ ಹೊರಟುಹೋದ. ಅವನನ್ನು ಯಾರೂ ತಡೆಯಲಿಲ್ಲ, ಬಯ್ಯಲೂ ಇಲ್ಲ. ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನೆಂದು ಮಾರ್ಕ ಸೇರಿಸುತ್ತಾನೆ.

ಲೂಕನ ಹದಿನೈದನೆಯ ಅಧ್ಯಾಯದ ಇಬ್ಬರು ಮಕ್ಕಳ ಸಾಮ್ಯದಲ್ಲಿ ಈ ವಿಷಯ ಪೂರ್ಣತೆಗೆ ಬರುತ್ತದೆ. ಕಿರಿಯ ಮಗ ಆಸ್ತಿಯ ಪಾಲು ಪಡೆದು ದೂರದೇಶಕ್ಕೆ ಹೋಗಿ, ಎಲ್ಲವನ್ನೂ ಕಳೆದು, ಹಂದಿ ಮೇಯಿಸುವ ಸ್ಥಿತಿಗಿಳಿದು, ಹಿಂತಿರುಗುವ ದಾರಿಯಲ್ಲಿ ಆಡಬೇಕಾದ ಮಾತನ್ನು ಸಿದ್ಧಮಾಡಿಕೊಳ್ಳುತ್ತಾನೆ: ತಪ್ಪು ಮಾಡಿದೆ, ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. ತಂದೆಯ ಎದುರಿಗೆ ಮೊದಲ ಎರಡು ಮಾತುಗಳನ್ನು ಆಡುತ್ತಾನೆ. ಹೆಚ್ಚಿನ ಹಸ್ತಪ್ರತಿಗಳಲ್ಲಿ ಮೂರನೆಯದು ಅವನ ಬಾಯಿಂದ ಹೊರಡುವುದಿಲ್ಲ. ಅಷ್ಟರಲ್ಲಿ ತಂದೆ ಆಳುಗಳ ಕಡೆ ತಿರುಗಿ ನಿಲುವಂಗಿ ತರಲು ಹೇಳಿಬಿಟ್ಟಿರುತ್ತಾನೆ. ಜ್ಞಾನೋಕ್ತಿಗಳ ತಂದೆ ಮಗನ ಪಶ್ಚಾತ್ತಾಪವನ್ನು ತಾನೇ ರಚಿಸಿ ಹೇಳಿದ್ದ. ಈ ತಂದೆ ಮಗ ರಚಿಸಿ ತಂದದ್ದನ್ನು ಪೂರ್ತಿ ಹೇಳಿಸುವುದಿಲ್ಲ.

ಹಿರಿಯ ಮಗನ ಪ್ರಸಂಗ ಇನ್ನೂ ಸೂಕ್ಷ್ಮ. ಅವನು ಇಷ್ಟು ವರ್ಷ ದುಡಿದವನು, ಒಂದು ಅಪ್ಪಣೆಯನ್ನೂ ಮೀರದವನು. ನೀತಿಬೋಧಕರಿಗೆ ಬೇಕಾದ ತರುಣ ಇವನೇ. ಮನೆಯೊಳಗಿನ ವಾದ್ಯದ ಸದ್ದು ಕೇಳಿ ಅವನು ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಮಗ ಎದುರುತ್ತರ ಕೊಡುತ್ತಾನೆ. ತಂದೆ ಅದನ್ನು ಪೂರ್ತಿ ಕೇಳುತ್ತಾನೆ. ಹಿರಿಯವನು ಬಂದವನನ್ನು ತಂದೆಯ ಮಗನೆಂದು ಕರೆಯುತ್ತಾನೆಯೇ ಹೊರತು ತನ್ನ ತಮ್ಮನೆನ್ನುವುದಿಲ್ಲ. ತಂದೆ ‘ಕಂದಾ’ ಎಂಬರ್ಥದ ಗ್ರೀಕ್ ಶಬ್ದದಿಂದ ಅವನನ್ನು ಕರೆದು, ಬಂದವನು ನಿನ್ನ ತಮ್ಮನೆಂದು ಆ ಸಂಬಂಧವನ್ನು ಅವನಿಗೆ ಹಿಂದಕ್ಕೆ ಕೊಡುತ್ತಾನೆ. ಗ್ರೀಕಿನಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಪದ. ‘ತಮ್ಮ’ ಎನ್ನದೆ ವಿಧಿಯಿಲ್ಲದ ಕನ್ನಡದಲ್ಲಿ ಕಿರಿಯನನ್ನು ಕಾಯುವ ಹೊಣೆಯೂ ಆ ಪದದಲ್ಲಿ ಧ್ವನಿಸುತ್ತದೆ. ಹಿರಿಯ ಮಗ ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ. ವಿಧೇಯತೆಯೇ ನೀತಿಯ ತುದಿಯಾಗಿದ್ದರೆ ಈ ಸಾಮ್ಯಕ್ಕೆ ಇಂಥ ಮುಕ್ತಾಯ ಬೇಕಾಗಿರಲಿಲ್ಲ. ಸ್ತೆಫನನನ್ನು ಕಲ್ಲೆಸೆದು ಕೊಲ್ಲುವಾಗ ಸಾಕ್ಷಿಗಳು ತಮ್ಮ ಬಟ್ಟೆಗಳನ್ನು ಇರಿಸಿದ್ದು ಸೌಲನೆಂಬ ತರುಣನ ಕಾಲುಗಳ ಬಳಿ. ಮುಂದೆ ಪೌಲನಾಗಿ ತನ್ನ ಪೂರ್ವಜೀವನವನ್ನು ನೆನೆದಾಗ, ಧರ್ಮಶಾಸ್ತ್ರದ ವಿಷಯದಲ್ಲಿ ತಾನು ನಿರ್ದೋಷಿಯಾಗಿದ್ದೆನೆಂದೇ ಅವನು ಬರೆದ.

ಪತ್ರಿಕೆಗಳ ವಿಧಿಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪೇತ್ರನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಕಿರಿಯರು ಹಿರಿಯರಿಗೆ ಅಧೀನರಾಗಿರಬೇಕೆಂಬ ವಿಧಿಯಿದೆ. ಅಲ್ಲಿನ ‘ಕಿರಿಯ’, ‘ಹಿರಿಯ’ ಎಂಬ ಗ್ರೀಕ್ ಶಬ್ದಗಳು ಲೂಕನ ಸಾಮ್ಯದ ಇಬ್ಬರು ಮಕ್ಕಳಿಗೆ ಬಳಸಿದವೇ. ಈ ವಿಧಿಗೆ ತುಸು ಮೊದಲು ಹಿರಿಯರು ದೊರೆತನ ಮಾಡಬಾರದೆಂದಿದೆ. ಅದರ ಬೆನ್ನಿಗೇ ಎಲ್ಲರೂ ಒಬ್ಬರಿಗೊಬ್ಬರು ದೀನಭಾವವನ್ನು ಧರಿಸಬೇಕೆಂದಿದೆ. ನಡುವಿನ ತುಂಡನ್ನು ಮಾತ್ರ ಕತ್ತರಿಸಿ ತರುಣರ ಮುಂದೆ ಹಿಡಿಯುವುದು ನ್ಯಾಯವಲ್ಲ. ತೀತನಿಗೆ ಬರೆದ ಪತ್ರಿಕೆಯಲ್ಲಿ ವೃದ್ಧರಿಗೂ ಸ್ತ್ರೀಯರಿಗೂ ಉದ್ದವಾದ ಪಟ್ಟಿಗಳಿರಲು, ತರುಣರಿಗೆ ಇರುವುದು ಒಂದೇ ಕ್ರಿಯಾಪದ: ಸ್ವಸ್ಥಚಿತ್ತರಾಗಿ ತಮ್ಮನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಮರುಮಾತಿನಲ್ಲಿಯೇ ಬುದ್ಧಿ ಹೇಳುವ ತೀತನೇ ಮಾದರಿಯಾಗಿರಬೇಕೆಂದು ವಿಧಿಸಿದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಂತೂ ಅವನ ಯೌವನವನ್ನು ಯಾರೂ ಕಡೆಗಣಿಸದಿರಲೆಂದು ಹೇಳಿ, ಮಾತು, ನಡತೆ, ಪ್ರೀತಿ, ನಂಬಿಕೆ, ಶುದ್ಧತೆಗಳಲ್ಲಿ ತರುಣನೇ ಉಳಿದವರಿಗೆ ಮಾದರಿಯಾಗಲೆನ್ನುತ್ತದೆ. ಮುಂದಿನ ಅಧ್ಯಾಯದಲ್ಲಿ ವೃದ್ಧನನ್ನು ತಂದೆಯೆಂದೂ ಯೌವನಸ್ಥರನ್ನು ಸಹೋದರರೆಂದೂ ಎಣಿಸಿ ಬುದ್ಧಿ ಹೇಳಬೇಕೆಂದಿದೆ. ಮಕ್ಕಳೆಂದು ಎಣಿಸಿ ಎಂದಿಲ್ಲ. ಈ ಪತ್ರಿಕೆಗಳು ಪೌಲನವೇ ಅಲ್ಲವೇ ಎಂಬ ವಿವಾದ ವಿದ್ವಾಂಸರಲ್ಲಿದೆ. ಯಾರದಾದರೂ ಈ ಮಾತಿನ ಬೆಲೆ ತಗ್ಗುವುದಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ತರಬಹುದು. ಸತ್ಯವೇದ ಒಬ್ಬ ಕವಿಯ ಕೃತಿಯಲ್ಲ, ಅನೇಕ ಶತಮಾನಗಳಲ್ಲಿ ಅನೇಕರು ಬರೆದ ಪುಸ್ತಕಗಳ ಸಮುಚ್ಚಯ. ಅದರಲ್ಲಿ ಒಂದು ಸೂತ್ರವನ್ನು ಕಾಣುವುದು ವಿಮರ್ಶಕನ ಕಲ್ಪನೆಯಲ್ಲವೇ? ಆಕ್ಷೇಪ ತಕ್ಕದ್ದೇ. ಯಾವನೋ ಒಬ್ಬ ಲೇಖಕ ಹೀಗೆಂದು ಯೋಚಿಸಿ ಹೆಣೆದನೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಇವುಗಳನ್ನು ಒಂದೇ ರಟ್ಟಿನ ನಡುವೆ ಸೇರಿಸಿ, ಉಪದೇಶವನ್ನು ಉಳಿಸಿಕೊಂಡು, ಉಪದೇಶ ಸೋತ ಕಥೆಯನ್ನೂ ಅಳಿಸದೆ ಉಳಿಸಿಕೊಂಡ ಪರಂಪರೆಯೊಂದು ಇದೆ. ದಾವೀದನ ಮನೆಯ ಲಜ್ಜೆಯನ್ನು ಮರೆಸಬಹುದಾಗಿತ್ತು, ಮರೆಸಲಿಲ್ಲ. ಆ ಪ್ರಾಮಾಣಿಕತೆಯನ್ನು ಓದುಗನೂ ಗೌರವಿಸಬೇಕಷ್ಟೆ.

ಈ ವಿಚಾರ ಗ್ರಂಥದೊಳಗೇ ಮುಗಿಯುವುದಲ್ಲ. ೧೮೪೪ರ ಜೂನಿನಲ್ಲಿ ಲಂಡನ್ನಿನ ಒಂದು ಜವಳಿ ಅಂಗಡಿಯ ಕೆಲಸಗಾರರು ಕೂಡಿ ವೈ.ಎಂ.ಸಿ.ಎ. ಎಂದು ಇಂದು ಜಗತ್ತಿಗೆಲ್ಲ ಗೊತ್ತಿರುವ ಕ್ರೈಸ್ತ ತರುಣರ ಸಂಘವನ್ನು ಕಟ್ಟಿದರು. ಅವರಲ್ಲಿ ಮುಂದಾಳಾದ ಜಾರ್ಜ್ ವಿಲಿಯಮ್ಸ್ ಹಳ್ಳಿಗಾಡಿನಿಂದ ಹೊಟ್ಟೆಪಾಡಿಗಾಗಿ ಬಂದವನು. ಆಗ ಅವನಿಗೆ ೨೨ ವರ್ಷ. ಊರು ಬಿಟ್ಟು ಬಂದ ತರುಣರಿಗೆ ಹಿರಿಯರು ಬೋಧಿಸಲೆಂದು ಹುಟ್ಟಿದ ಸಂಸ್ಥೆಯಲ್ಲ ಅದು; ಅಂಥ ತರುಣರೇ ಒಬ್ಬರಿಗೊಬ್ಬರು ಆಸರೆಯಾಗಲೆಂದು ಕೂಡಿದ ಕೂಟ. ೧೮೯೦ರಲ್ಲಿ ಮದರಾಸಿನಲ್ಲಿಯೂ ಅಂಥ ಸಂಘ ಸ್ಥಾಪಿತವಾಯಿತು. ಹೊರನಾಡಿನ ನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಚರಿತ್ರೆಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಊರಿನಿಂದ ಬಂದ ಹುಡುಗರಿಗೆ ನಮ್ಮ ಸಂಘಗಳ ವೇದಿಕೆಯಿಂದ ಬುದ್ಧಿವಾದ ಹೇಳುವುದು ಸುಲಭ, ಅವರು ಏನು ಹೇಳುತ್ತಾರೆಂದು ಕುಳಿತು ಕೇಳುವುದು ಕಷ್ಟವೆಂಬುದನ್ನು ನಾವೆಲ್ಲರೂ ಬಲ್ಲೆವು.

ಆದುದರಿಂದ ಸತ್ಯವೇದದ ತರುಣನೀತಿಯನ್ನು ಆಯ್ದ ವಾಕ್ಯಗಳ ಕೈಪಿಡಿಯಾಗಿ ಮಾಡುವುದಕ್ಕಿಂತ ಜ್ಞಾನೋಕ್ತಿಗಳ ಮೊದಲ ಒಂಬತ್ತು ಅಧ್ಯಾಯ, ಅಬ್ಷಾಲೋಮನ ಕಥೆ, ಇಬ್ಬರು ಮಕ್ಕಳ ಸಾಮ್ಯ ಇವು ಮೂರನ್ನು ಒಟ್ಟಿಗೆ ಓದಿಸುವುದು ಮೇಲು. ಮೊದಲನೆಯದರಲ್ಲಿ ತಂದೆ ಮಾತಾಡುತ್ತಾನೆ, ಮಗ ಸುಮ್ಮನಿದ್ದಾನೆ. ಎರಡನೆಯದರಲ್ಲಿ ತಂದೆ ಆಡಬೇಕಾದಾಗ ಆಡದೆ, ಆಡಿದಾಗ ಮಗನಿಲ್ಲ. ಮೂರನೆಯದರಲ್ಲಿ ಇಬ್ಬರೂ ಮಾತಾಡುತ್ತಾರೆ. ಇದನ್ನು ತರುಣರು ಓದಿದಷ್ಟೇ ಗಮನವಿಟ್ಟು ತರುಣರಿಗೆ ಬುದ್ಧಿ ಹೇಳುವ ಸ್ಥಾನದಲ್ಲಿರುವವರೂ ಓದುವುದು ಒಳ್ಳೆಯದು.